ಒಂದು ನೀರಿನಿಂದ ಇನ್ನೊಂದು ನೀರಿಗೆ

ನೀರನ್ನು ಸೋಸಿ ಬಳಸುವುದು ಶ್ರಾವಕನ ಲಕ್ಷಣವೆಂದು ನಾವೆಲ್ಲರೂ ಬಲ್ಲೆವು. ಆ ಆಚಾರಕ್ಕೆ ಉತ್ತರಾರ್ಧವೊಂದು ಉಂಟೆಂಬುದನ್ನು ಬಲ್ಲವರು ವಿರಳರಾಗುತ್ತಿದ್ದಾರೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಬಂದಿತೋ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಎಂಟು ವರ್ಷದವನಿದ್ದಾಗ ನಾನು ಸೋಮಾರಿತನದಿಂದ ಆ ನೀರನ್ನು ಹಿತ್ತಲಿನ ದನದ ತೊಟ್ಟಿಗೆ ಚೆಲ್ಲಿದ್ದೆ. ಅಜ್ಜಿ ಬೈಯಲಿಲ್ಲ. “ಅವು ಆ ಬಾವಿಯವು ಮಗಾ, ಈ ತೊಟ್ಟಿ ಅವಕ್ಕೆ ಪರದೇಶ” ಎಂದಷ್ಟೇ ಹೇಳಿ, ಆ ದಿನ ಒಂದು ಹೊತ್ತಿನ ಊಟ ಬಿಟ್ಟರು. ಇಂದು ನಮ್ಮ ಬಸದಿಯ ಬಾವಿಗೆ ಮೋಟಾರು ಬಂದಿದೆ; ಸೋಸಿದ ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಂಡುತ್ತೇವೆ, ಆ ನೀರು ಚರಂಡಿಗೆ ಹೋಗುತ್ತದೆ.

ಅಜ್ಜಿಯ ಮಾತು ಮತ್ತೆ ನೆನಪಾದುದು ನ್ಯೂಜಿಲೆಂಡಿನಿಂದ ಬಂದ ದೂರವಾಣಿ ಕರೆಯಿಂದ. ನನ್ನ ತಮ್ಮನ ಮಗ ಆಕ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಒಬ್ಬನೇ ಕುಳಿತು ಎರಡು ಅಲಗಿನ ಹುಟ್ಟಿನಿಂದ ನಡೆಸುವ ಕಯಾಕ್ ಎಂಬ ಸಣ್ಣ ದೋಣಿಯನ್ನು ಕಾರಿನ ಮೇಲೆ ಕಟ್ಟಿಕೊಂಡು, ರಜೆ ಬಂದರೆ ಸರೋವರದಿಂದ ಸರೋವರಕ್ಕೆ ಅಲೆಯುವುದು ಅವನ ಹವ್ಯಾಸ. ಯಂತ್ರವಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಇದಕ್ಕಿಂತ ನಿರುಪದ್ರವಿಯಾದ ವಿನೋದ ಯಾವುದೆಂದು ಅವನೂ ನಂಬಿದ್ದ, ನಾನೂ ನಂಬಿದ್ದೆ.

ಆದರೆ ದೋಣಿಯ ತಳದಲ್ಲಿ ಉಳಿದ ಒಂದು ಬೊಗಸೆ ನೀರಿನ ಕಥೆ ಬೇರೆ. 2004ರಲ್ಲಿ ಆ ದೇಶದ ದಕ್ಷಿಣ ದ್ವೀಪದ ವೈಯಾವು ನದಿಯಲ್ಲಿ ಡಿಡಿಮೊ ಎಂಬ ಏಕಕೋಶ ಪಾಚಿ ಕಂಡುಬಂದಿತು. ಅದು ಬೆಳೆದಲ್ಲಿ ನದಿಯ ಕಲ್ಲುಗಳ ಮೇಲೆ ಕಂದು ಬಣ್ಣದ, ಒದ್ದೆ ಹತ್ತಿಯಂತಹ ದಪ್ಪ ಹೊದಿಕೆ ಹರಡುತ್ತದೆ. ವಿಚಿತ್ರವೆಂದರೆ, ಅದು ಸೊಂಪಾಗಿ ಬೆಳೆಯುವುದು ತಿಳಿಯಾದ, ಪೋಷಕಾಂಶ ಕಡಿಮೆಯಿರುವ ನೀರಿನಲ್ಲಿಯೇ. ಮೀನು ಹಿಡಿಯುವವರ ಬೂಟು, ದೋಣಿ, ಹಗ್ಗ, ಯಾವುದರಲ್ಲಿ ಉಳಿದ ಒಂದು ಹನಿಯೂ ಅದನ್ನು ಮುಂದಿನ ನದಿಗೆ ಒಯ್ಯಬಲ್ಲುದೆಂದು ಜನರನ್ನು ಎಚ್ಚರಿಸಲಾಯಿತು. ಅನಂತರ 2023ರ ಮೇ ತಿಂಗಳಿನಲ್ಲಿ ಉತ್ತರ ದ್ವೀಪದ ವೈಕಾಟೊ ನದಿಯ ಕರಾಪಿರೊ ಸರೋವರದಲ್ಲಿ ಏಷ್ಯಾ ಮೂಲದ ಹೊಂಬಣ್ಣದ ಚಿಪ್ಪುಜೀವಿಯೊಂದು ಸಿಕ್ಕಿತು. 2010ರಲ್ಲಿ ವಿಶ್ವ ದೋಣಿಸ್ಪರ್ಧೆ ನಡೆದ ಸರೋವರವದು. ಈ ಜೀವಿಗೆ ಸಂತಾನಕ್ಕಾಗಿ ಜೊತೆ ಬೇಕಿಲ್ಲ. ಒಂದು ಹೋದರೂ ಒಂದು ವಂಶವೇ ಹೋದಂತೆ. ಅದು ಹಬ್ಬಿದರೆ ಅಲ್ಲಿನ ನೆಲದ್ದೇ ಆದ ಕಾಕಹಿ ಎಂಬ ಸಿಹಿನೀರಿನ ಚಿಪ್ಪುಜೀವಿಗೆ ಆಹಾರ ಸಾಲದಾಗುವ ಭೀತಿಯಿದೆ.

ನೋಡು, ತೊಳೆ, ಒಣಗಿಸು ಎಂಬುದು ಅಲ್ಲಿನ ಸರ್ಕಾರದ ಸೂತ್ರ. ದೋಣಿಗೆ ಅಂಟಿದ ಕಳೆ, ಕೆಸರನ್ನು ಆ ದಡದಲ್ಲಿಯೇ ಬಿಡಬೇಕು. ಬಿಸಿನೀರು ಮೊದಲಾದವುಗಳಿಂದ ತೊಳೆಯಬೇಕು. ಪೂರ್ಣ ಒಣಗಿದ ಮೇಲೂ 48 ಗಂಟೆ ಕಾಯಬೇಕು.

ಹುಡುಗನ ಪ್ರಶ್ನೆ ಇದೇ ಆಗಿತ್ತು. “ದೊಡ್ಡಪ್ಪಾ, ನಿನ್ನೆ ಕರಾಪಿರೊದಿಂದ ದೋಣಿ ತಂದಿದ್ದೇನೆ, ಇನ್ನೂ ಒದ್ದೆಯಿದೆ. ಬರುವ ವಾರ ಬೇರೆ ನದಿಗೆ ಹೋಗಬೇಕು. ಬಿಸಿನೀರು ಹಾಕಿದರೆ ಅದರಲ್ಲಿರುವ ಜೀವಗಳು ಸಾಯುತ್ತವೆ. ಹಾಕದಿದ್ದರೆ ಆ ನದಿಗೆ ಹೋಗುತ್ತವೆ. ಯಾವುದು ನನ್ನ ಪಾಪ?”

ನಾನು ಒಡನೆ ಉತ್ತರಿಸಲಾರದೆ ಹೋದೆ. ಪಾಚಿಯಾದರೆ ಏಕೇಂದ್ರಿಯ, ಚಿಪ್ಪುಜೀವಿಯಾದರೋ ದ್ವೀಂದ್ರಿಯ, ತ್ರಸಜೀವ. ತ್ರಸಹಿಂಸೆಯನ್ನು ಸಂಕಲ್ಪಪೂರ್ವಕವಾಗಿ ಮಾಡೆನೆಂಬುದು ಅಣುವ್ರತಿಯ ಪ್ರತಿಜ್ಞೆ. ಗೃಹಕೃತ್ಯದಲ್ಲಿ ಅನಿವಾರ್ಯವಾಗುವ ಆರಂಭೀ ಹಿಂಸೆಯೆಂದು ಇದನ್ನು ಸಡಿಲಿಸೋಣವೆಂದರೆ, ದೋಣಿವಿಹಾರ ಗೃಹಕೃತ್ಯವಲ್ಲ. ಕಾರಣವಿಲ್ಲದೆ ನೀರನ್ನು ಕಲಕುವುದನ್ನೂ ಸುಮ್ಮನೆ ಅಲೆಯುವುದನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಭೇದವಾದ ಪ್ರಮಾದಚರ್ಯೆಗೆ ಸೇರಿಸಿದ್ದಾರೆ. ಕಟ್ಟುನಿಟ್ಟಾಗಿ ನೋಡಿದರೆ ಪ್ರಶ್ನೆ ಅಲ್ಲಿಯೇ ಮುಗಿಯಿತು. ಆದರೆ ವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತ ತರುಣನಿಗೆ ನೀರಿನ ಮೌನವೂ ಅನರ್ಥವೆಂದು ಹೇಳಲು ನನ್ನ ಬಾಯಿ ಬರಲಿಲ್ಲ. ಪ್ರವಾಸಕ್ಕೆಂದು ವಿಮಾನವೇರುವ ನಾವು ಹೇಳುವುದಾದರೂ ಹೇಗೆ?

ಲೆಕ್ಕ ಹಾಕುವ ದಾರಿಯೊಂದಿದೆ: ಇಲ್ಲಿ ಹತ್ತು ಸತ್ತರೆ ಅಲ್ಲಿ ಲಕ್ಷ ಉಳಿದವು, ಆದುದರಿಂದ ಬಿಸಿನೀರು ಪುಣ್ಯ ಎಂಬುದು. ಈ ವ್ಯಾಪಾರಿಯ ಖಾತೆಪುಸ್ತಕ ನನಗೆ ಒಪ್ಪಿಗೆಯಿಲ್ಲ. ಸತ್ತ ಹತ್ತು ಸತ್ತವೇ. ಇನ್ನೊಂದು ದಾರಿ, ಕಣ್ಣಿಗೆ ಕಾಣದುದರ ಹೊಣೆ ನನಗಿಲ್ಲ ಎಂಬುದು. ಅದು ಇನ್ನೂ ಕೆಟ್ಟದು. ಹಿಂಸೆಯ ಮೂಲವನ್ನು ಉಮಾಸ್ವಾಮಿಗಳು ಪ್ರಮಾದದಲ್ಲಿ ಗುರುತಿಸಿದರು. ದಡದಲ್ಲಿ ನೆಟ್ಟ ಎಚ್ಚರಿಕೆಯ ಫಲಕವನ್ನು ಓದಿದವನಿಗೆ ಅಜ್ಞಾನದ ಆಸರೆ ಉಳಿಯುವುದಿಲ್ಲ.

“ಈ ಸಲ ಒಣಗಿಸು, ಬೇರೆ ದಾರಿಯಿಲ್ಲ” ಎಂದೆ. “ಆದರೆ ಅದನ್ನು ಧರ್ಮವೆಂದು ಕರೆಯಬೇಡ. ಮುಂದೆ ಕೊಲ್ಲುವ ಪ್ರಸಂಗವೇ ಬಾರದಂತೆ ನೋಡು.” ಅಜ್ಜಿಯ ಬಾವಿಯ ಕಥೆ ಹೇಳಿದೆ. ದೇಶವ್ರತದಲ್ಲಿ ಶ್ರಾವಕನು ತಾನು ಸಂಚರಿಸುವ ಸೀಮೆಗೆ ಗೆರೆ ಹಾಕಿಕೊಳ್ಳುತ್ತಾನೆ. ದೋಣಿಗೂ ಅಂತಹ ಗೆರೆ ಸಾಧ್ಯ: ಒಂದು ದೋಣಿಗೆ ಒಂದೇ ನೀರು. ತೊಳೆದು ಒಣಗಿಸಲಾಗದಿದ್ದರೆ ಸಲಕರಣೆಯನ್ನು ಒಂದೇ ನದಿಗೆ ಸೀಮಿತಗೊಳಿಸಿರೆಂದು ಅಲ್ಲಿನ ಅಧಿಕಾರಿಗಳೂ ಹೇಳುತ್ತಾರಂತೆ. ಒಂದು ನದಿಯ ನೀರನ್ನು ಮತ್ತೊಂದರೊಡನೆ ಬೆರೆಸಬಾರದೆಂಬ ಭಾವನೆ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳಲ್ಲಿಯೂ ಹಿಂದಿನಿಂದ ಇದೆ. ಇದನ್ನು ಕೇಳಿ, ವಿಜ್ಞಾನಕ್ಕಿಂತ ಮೊದಲೇ ನಾವು ಕಂಡುಕೊಂಡಿದ್ದೆವೆಂದು ಬೀಗುವವರು, ತಮ್ಮ ಮನೆಯ ಸೋಸುಬಟ್ಟೆ ಎಲ್ಲಿ ಒಗೆಯಲ್ಪಡುತ್ತದೆಂದು ಒಮ್ಮೆ ನೋಡಿಬರಲಿ.

ಅವನು ಹೊರಟಿದ್ದುದು ವ್ಹಾಂಗನುಯಿ ನದಿಗೆ. 2017ರ ಕಾನೂನು ಆ ನದಿಯನ್ನು ವ್ಯಕ್ತಿಯೆಂದೇ ಮನ್ನಿಸಿದೆ. ಟೌಮರುನುಯಿಯಿಂದ ಪಿಪಿರಿಕಿಯವರೆಗೆ 145 ಕಿಲೋಮೀಟರು, ದೋಣಿಯಲ್ಲಿ ಸುಮಾರು ಐದು ದಿನದ ಪಯಣ. ಸರ್ಕಾರದ ಪಟ್ಟಿಯಲ್ಲಿ ಮಾತ್ರ ಇದು ‘ಮಹಾ ನಡಿಗೆ’ಗಳಲ್ಲಿ ಒಂದು!

ತನ್ನ ಕಯಾಕನ್ನು ಅವನು ಕರಾಪಿರೊ ಸಮೀಪದ ಸ್ನೇಹಿತನ ಮನೆಯಲ್ಲಿ ಇರಿಸಿದ; ಅದಿನ್ನು ಆ ನೀರಿಗೇ ಮೀಸಲು. ಟೌಮರುನುಯಿಯಲ್ಲಿ ಆ ನದಿಯದೇ ದೋಣಿಯನ್ನು ಬಾಡಿಗೆಗೆ ಪಡೆದ. ಹೊರಡುವ ಹಿಂದಿನ ರಾತ್ರಿ ಮತ್ತೆ ಕರೆ ಮಾಡಿದ. “ದೋಣಿಯ ಚಿಂತೆ ಮುಗಿಯಿತು ದೊಡ್ಡಪ್ಪಾ. ಪಾದರಕ್ಷೆ ಮಾತ್ರ ಹಳೆಯದೇ. ನಾಲ್ಕು ದಿನ ಬಿಸಿಲಿಗಿಟ್ಟಿದ್ದೆ. ಅದರ ಹೊಲಿಗೆಯಲ್ಲಿ ಏನೇನಿತ್ತೋ” ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ.