ಪೆಟ್ಟು ತಿಂದವನ ಸಂಚಾರ

ಮನುಷ್ಯನು ಪೆಟ್ಟು ತಿಂದು ಹಾಸಿಗೆ ಹಿಡಿದಾಗ ನೆರೆಹೊರೆಯವರು ಹೋಗಿ ಮಾತನಾಡಿಸಿಕೊಂಡು ಬರುವುದು ನಮ್ಮ ನಾಡಿನ ಹಳೆಯ ಮರ್ಯಾದೆ. ಮೊದಲ ವಾರ ಅವನ ಮನೆಯ ಜಗಲಿಯಲ್ಲಿ ಚಪ್ಪಲಿ ಬಿಡುವುದಕ್ಕೆ ಎಡೆಯಿರುವುದಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ಒಬ್ಬಿಬ್ಬರು ಬರುತ್ತಾರೆ. ಎರಡು ತಿಂಗಳಾದ ಮೇಲೆ ಅವನಿಗೆ ತೊಲೆ ಜಂತೆಗಳೇ ಸಂಗಾತಿಗಳು. ರೋಗಿಯನ್ನು ನೋಡಲು ಹೋಗಬೇಕಾದವರ ಧರ್ಮವನ್ನು ಹಿರಿಯರು ಬೇಕಾದಷ್ಟು ಹೇಳಿದ್ದಾರೆ. ಆದರೆ ರೋಗಿಯು ತಾನೇ ಎದ್ದು, ಊರುಗೋಲೂರಿ, ನಾಲ್ವರನ್ನು ಕಾಣಲು ಹೊರಡುವಾಗ ಅವನ ಧರ್ಮವೇನೆಂಬುದನ್ನು ವಿಚಾರಿಸಿದವರು ವಿರಳ. ಅದರಲ್ಲಿಯೂ ಪೆಟ್ಟಾದುದು ಅವನು ತಾನಾಗಿ ಒಲಿದ ಆಟದಲ್ಲಿಯಾದರೆ, ಅವನ ಮನಸ್ಸು ಮೊದಲು ಓಡುವುದು ಆ ಆಟದ ನೆಲಕ್ಕೇ. ಅಲ್ಲಿಗೆ ಅವನು ಹೋಗಬಹುದೆ? ಹೋದರೆ ಯಾವ ಬಗೆಯಿಂದ ಹೋಗಬೇಕು?

ಈಸೂರಿನ ಆಸುಪಾಸಿನ ಶಿಕಾರಿಪುರ, ಸೊರಬ ಸೀಮೆಗಳಲ್ಲಿಯೂ ನೆರೆಯ ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲು, ಬ್ಯಾಡಗಿಗಳ ಕಡೆಯಲ್ಲಿಯೂ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಲ್ಲ. ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲುಗೊಂಡು ತಿಂಗಳುಗಟ್ಟಲೆ ಒಂದೊಂದು ದಿನ ಒಂದೊಂದು ಊರಿನಲ್ಲಿ ಹೋರಿ ಹಬ್ಬವು ನಡೆಯುತ್ತದೆ. ಹುರುಳಿ, ಹಿಂಡಿಗಳನ್ನು ತಿನ್ನಿಸಿ ಮಗನಂತೆ ಸಾಕಿದ ಹೋರಿಗೆ ಬಲೂನು, ರಿಬ್ಬನ್ನುಗಳನ್ನು ಕಟ್ಟಿ, ಕೊರಳಿಗೆ ಕೊಬ್ಬರಿಯ ಹಾರವನ್ನು ಹಾಕಿ, ಜನರು ಕಿಕ್ಕಿರಿದ ಅಖಾಡದಲ್ಲಿ ಬಿಡುತ್ತಾರೆ. ಓಡುವ ಹೋರಿಯನ್ನು ತಬ್ಬಿ ಹಿಡಿದು ಕೊಬ್ಬರಿಯನ್ನು ಹರಿದುಕೊಂಡವನು ಗಂಡಸು. ಯಾರ ಕೈಗೂ ಸಿಕ್ಕದೆ ದಾಟಿಹೋದುದು ಹೋರಿ. ಹಿಡಿಯುವ ತರುಣರು ಇಂದು ಈ ಊರು, ನಾಳೆ ಆ ಊರು ಎಂದು ಸುತ್ತುತ್ತಾರೆ. ಹೋದಲ್ಲಿ ಗೆಳೆಯರ ಮನೆಯಲ್ಲಿ ಉಂಡು ಮಲಗುತ್ತಾರೆ. ಹೀಗೆ ಸುತ್ತುವವರಲ್ಲಿ ಕೆಲವರು ಕೊಂಬಿನ ತಿವಿತದಿಂದಲೋ ಗೊರಸಿನ ತುಳಿತದಿಂದಲೋ ಕೈಕಾಲು ಮುರಿದುಕೊಳ್ಳುತ್ತಾರೆ. ಪ್ರಾಣ ಕಳೆದುಕೊಂಡವರೂ ಉಂಟು.

ಇದು ಮಲೆನಾಡಿನ ಸೆರಗಿನ ಹಳ್ಳಿಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಹುಡುಗರು ಚಿಕ್ಕ ಗಾಲಿಯ ಸೈಕಲ್ಲುಗಳನ್ನು ಮೋಟರು ಸೈಕಲ್ಲುಗಳಂತೆ ಹಾರಿಸಿ ಆಡಲು ತೊಡಗಿದರು. ಅದೇ ಈಗಿನ ಬಿ.ಎಂ.ಎಕ್ಸ್. ಎಂಬ ಆಟ. ಅದರ ಓಟವು 2008ರಲ್ಲಿ ಬೀಜಿಂಗಿನ ಒಲಿಂಪಿಕ್ಸಿಗೂ, ಅದರ ಹಾರಾಟದ ವಿದ್ಯೆಯು 2021ರಲ್ಲಿ ಟೋಕಿಯೋವಿನಲ್ಲಿ ನಡೆದ ಒಲಿಂಪಿಕ್ಸಿಗೂ ಪ್ರವೇಶಿಸಿತು. ಅದರ ಸವಾರರೂ ಕಾಂಕ್ರೀಟಿನ ಬಾಣಲೆಯಂತೆ ಕಟ್ಟಿದ ಸ್ಕೇಟ್‌ಪಾರ್ಕುಗಳನ್ನು ಅರಸಿ ಊರೂರು ಅಲೆಯುತ್ತಾರೆ, ಗೆಳೆಯರ ಮನೆಗಳಲ್ಲಿ ತಂಗುತ್ತಾರೆ, ಬಿದ್ದು ಎಲುಬು ಮುರಿದುಕೊಳ್ಳುತ್ತಾರೆ, ಕೂಡಿದ ಮೇಲೆ ಮತ್ತೆ ಅದೇ ದಾರಿಯನ್ನು ಹಿಡಿಯುತ್ತಾರೆ. ಆಟ ಬೇರೆ, ನೆಲ ಬೇರೆ. ಹೊರಡುವವನ ಎದೆಯ ತುಡಿತವೊಂದೇ.

ಇಲ್ಲಿ ಮೊದಲನೆಯ ಪಕ್ಷವು ಮನೆಯವರದು. “ಇನ್ನು ಆ ಕಡೆ ತಲೆ ಹಾಕಿಯೂ ಮಲಗಬೇಡಪ್ಪ” ಎಂದು ತಾಯಿ ಹೇಳುತ್ತಾಳೆ. ಈ ಮಾತನ್ನು ಹೆಂಗಸರ ಅಂಜಿಕೆಯೆಂದು ತಳ್ಳಿಹಾಕುವುದು ಅವಿವೇಕ. ಹೋರಿ ಹಬ್ಬದ ಕಾಲವೂ ಗೋವಿನಜೋಳ, ಭತ್ತಗಳ ಸುಗ್ಗಿಯ ಕಾಲವೂ ಒಂದನ್ನೊಂದು ಹೆಣೆದುಕೊಂಡೇ ಬರುತ್ತವೆ. ಒಬ್ಬನ ಕಾಲು ಮುರಿದರೆ ಆ ವರ್ಷದ ಕೊಯ್ಲಿಗೆ ಕೂಲಿಯಾಳು ಬೇಕು, ಆಸ್ಪತ್ರೆಗೆ ಸಾಲ ಬೇಕು, ಹಗಲಿರುಳು ನೀರು ಕೊಡಲು ಒಬ್ಬರು ಬೇಕು. ಧರ್ಮಸಾಧನೆಗೆ ಮೊದಲ ಉಪಕರಣವು ಶರೀರವೆಂದು ಬಲ್ಲವರು ಹೇಳುವಾಗ, ಆ ಉಪಕರಣವು ಒಬ್ಬನ ಸ್ವತ್ತೆಂದು ಅವರು ಭಾವಿಸಲಿಲ್ಲ. ಅದರಲ್ಲಿ ತಾಯಿಯ ಪಾಲಿದೆ, ಮಡದಿಯ ಪಾಲಿದೆ, ತೊಟ್ಟಿಲ ಕೂಸಿನ ಪಾಲೂ ಇದೆ.

ಎರಡನೆಯ ಪಕ್ಷವು ಗೆಳೆಯರದು. “ಏನೂ ಆಗಲ್ಲ ಬಾರೋ, ಒಂದು ಸಲ ನುಗ್ಗಿದರೆ ಹೆದರಿಕೆ ಹೋಗ್ತದೆ” ಎಂಬುದು ಅವರ ವಾದ. ಅವರಿಗೆ ದೃಷ್ಟಾಂತಗಳಿಗೆ ಕೊರತೆಯಿಲ್ಲ. ಟೋಕಿಯೋವಿನಲ್ಲಿ ಇಂಗ್ಲೆಂಡಿನ ಷಾರ್ಲೆಟ್ ವರ್ದಿಂಗ್ಟನ್ನಳು ಮೊದಲ ಸರದಿಯಲ್ಲಿ ಬಿದ್ದು, ಎರಡನೆಯ ಸರದಿಯಲ್ಲಿ ಬಿದ್ದ ವರಸೆಯನ್ನೇ ಸಾಧಿಸಿ ಚಿನ್ನದ ಪದಕವನ್ನು ಗೆದ್ದಳು. 2002ರಲ್ಲಿ ಆಂಟಿಗಾದ ಕ್ರಿಕೆಟ್ ಪಂದ್ಯದಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರು ದವಡೆ ಮುರಿದಿದ್ದರೂ ತಲೆಗೆ ಪಟ್ಟಿ ಸುತ್ತಿಕೊಂಡು 14 ಓವರು ಎಸೆದು ಲಾರಾ ಅವರ ವಿಕೆಟ್ಟನ್ನು ಪಡೆದರು. ಇನ್ನು ಈಸೂರೆಂಬ ಹೆಸರೇ ಧೈರ್ಯಕ್ಕೆ ಪರ್ಯಾಯವಲ್ಲವೆ? 1942ರಲ್ಲಿ ತಮ್ಮ ಊರು ಸ್ವತಂತ್ರವೆಂದು ಸಾರಿ ವೀರಭದ್ರ ದೇವಾಲಯದ ಮೇಲೆ ಬಾವುಟವನ್ನೇರಿಸಿದವರ ಮಕ್ಕಳು ಮರಿಗಳು ಒಂದು ಪೆಟ್ಟಿಗೆ ಬೆದರಿ ಮನೆಯಲ್ಲಿ ಕುಳಿತಾರೆಯೆ?

ಈ ದೃಷ್ಟಾಂತಗಳನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಬೇಕು. ಕುಂಬ್ಳೆಯವರ 14 ಓವರುಗಳನ್ನು ಲೋಕವು ನೆನೆಯುತ್ತದೆ. ಅದಾದೊಡನೆ ಅವರು ಶಸ್ತ್ರಚಿಕಿತ್ಸೆಗಾಗಿ ಊರಿಗೆ ಹೊರಟುದನ್ನು ನೆನೆಯುವುದಿಲ್ಲ. ಎಸೆದುದೂ ಅವರೇ, ನಿಲ್ಲಿಸಿದುದೂ ಅವರೇ. ಈಸೂರಿನವರಾದರೋ ಬಹುಮಾನಕ್ಕಾಗಿ ಮೈಯೊಡ್ಡಿದವರಲ್ಲ. ಆ ಸೆಪ್ಟೆಂಬರಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿಯಲ್ಲಿ ಊರಿನ ಐವರು ಗಲ್ಲಿಗೇರಿದರು. ಎಷ್ಟೋ ಮನೆಗಳು ಹಾಳಾದುವು. ಅಷ್ಟು ದೊಡ್ಡ ಬೆಲೆಯನ್ನು ಅವರು ತೆತ್ತುದು ತಮ್ಮದಲ್ಲದ ಒಂದು ಹಿತಕ್ಕಾಗಿ. ಆ ಹೆಸರನ್ನು ಅಖಾಡದ ಕೂಗಿಗೆ ಎರವಲು ತರುವುದು ಅವರಿಗೂ ಗೌರವವಲ್ಲ, ಆಟಕ್ಕೂ ಗೌರವವಲ್ಲ. ಆಟದ ಧೈರ್ಯಕ್ಕೆ ತನ್ನದೇ ಆದ ಬೆಲೆಯುಂಟು. ಆದರೆ ಅದು ಆಟದ ಬೆಲೆ, ಬಲಿದಾನದ ಬೆಲೆಯಲ್ಲ.

ಹಾಗಾದರೆ ಅವನು ಮನೆಯಲ್ಲಿಯೇ ಕುಳಿತಿರಬೇಕೆ? ಅದೂ ಸರಿಯಲ್ಲ. ಎಲುಬಿಗೆ ತನ್ನ ಕೆಲಸ ಗೊತ್ತು. ಮುರಿದಲ್ಲಿ ಮೊದಲು ರಕ್ತವು ಹೆಪ್ಪುಗಟ್ಟಿ, ಎರಡು ಮೂರು ವಾರಗಳಲ್ಲಿ ಮೆತ್ತನೆಯ ಬೆಸುಗೆಯು ಮೂಡಿ, ಕ್ರಮೇಣ ಅದು ಗಟ್ಟಿಯಾಗುತ್ತದೆ. ಮೊಣಕಾಲ ಕೆಳಗಿನ ದೊಡ್ಡ ಎಲುಬಾದರೆ ನಾಲ್ಕಾರು ತಿಂಗಳೂ ಹಿಡಿಯಬಹುದು. ಮನಸ್ಸಿಗಾದರೋ ಇಂಥ ಸ್ವಯಂಚಿಕಿತ್ಸೆಯಿಲ್ಲ. ಕತ್ತಲ ಕೋಣೆಯಲ್ಲಿ ಮಲಗಿದವನಿಗೆ ಭಯವು ದಿನಕ್ಕೊಂದು ಗೇಣು ಬೆಳೆಯುತ್ತದೆ, ತನ್ನನ್ನು ಬಿಟ್ಟು ಆಡುತ್ತಿರುವವರ ಮೇಲೆ ಕರುಬು ಹುಟ್ಟುತ್ತದೆ, “ಅವರಿಗೆ ಆಗದ್ದು ನನಗೇ ಏಕಾಯಿತು?” ಎಂಬ ಪ್ರಶ್ನೆಯು ಗೆದ್ದಲಿನಂತೆ ಒಳಗೊಳಗೇ ಕೊರೆಯುತ್ತದೆ. ಇದಕ್ಕೆ ಔಷಧವು ಗೆಳೆಯರ ನಡುವೆಯೇ ಇದೆ. ಆದಕಾರಣ ಅವನು ಹೋಗತಕ್ಕದ್ದು. ಆದರೆ ಹಿಡಿಯುವವನಾಗಿ ಅಲ್ಲ, ನೋಡುವವನಾಗಿ ಹೋಗತಕ್ಕದ್ದು.

ನೋಡುವುದು ಸುಲಭವೆಂದು ಕೆಲವರು ತಿಳಿಯಬಹುದು. ತಾನು ನಿನ್ನೆಯವರೆಗೆ ಮಾಡುತ್ತಿದ್ದುದನ್ನು ಇಂದು ಇನ್ನೊಬ್ಬನು ಮಾಡಿ ಭೇಷ್ ಎನಿಸಿಕೊಳ್ಳುವಾಗ, ಕೈಕಟ್ಟಿ ನಿಂತು ಸಂತೋಷಪಡುವುದಕ್ಕಿಂತ ಕಠಿನವಾದ ಅಭ್ಯಾಸವು ಬೇರೊಂದಿಲ್ಲ. ಚಿತ್ತವು ತಿಳಿಯಾಗಬೇಕಾದರೆ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳೆಂಬ ನಾಲ್ಕು ಭಾವನೆಗಳು ಬೇಕೆಂದು ಯೋಗಶಾಸ್ತ್ರವು ಹೇಳುತ್ತದೆ. ಪರರ ಒಳಿತನ್ನು ಕಂಡು ಹಿಗ್ಗುವ ಮುದಿತೆಯನ್ನು ಕಲಿಯಲು ಊರುಗೋಲಿನವನಿಗೆ ಅಖಾಡದ ಬೇಲಿಯಂಥ ಪಾಠಶಾಲೆಯು ಬೇರೆಲ್ಲಿಯೂ ದೊರೆಯದು. ಗೆಳೆಯರಿಗೂ ಇಲ್ಲಿ ಪಾಠವುಂಟು. ಅವನನ್ನು ಕನಿಕರದಿಂದ ಕುರ್ಚಿ ಹಾಕಿ ದೂರ ಕೂರಿಸಬಾರದು. ಕೆಣಕಿ ಒಳಕ್ಕೆ ಎಳೆಯಲೂ ಬಾರದು. ಹಗ್ಗ ಹಿಡಿಯಲು, ಮಕ್ಕಳನ್ನು ಹಿಂದೆ ಸರಿಸಲು, ಯಾವ ಹೋರಿಯ ನಡೆ ಹೇಗೆಂದು ಹೊಸಬರಿಗೆ ತಿಳಿಹೇಳಲು ಅವನನ್ನು ಕರೆಯಬೇಕು. ಕೆಲಸ ಕೊಟ್ಟವನೇ ನಿಜವಾದ ಗೆಳೆಯನು.

ಬೇಲಿಯ ಬಳಿ ನಿಂತವನಿಗೆ ಇನ್ನೊಂದು ಲಾಭವೂ ಇದೆ. ಒಳಗಿದ್ದಾಗ ಅವನ ಕಣ್ಣಿಗೆ ಬಿದ್ದುದು ಕೊಬ್ಬರಿಯೊಂದೇ. ಈಗ ಹೋರಿಯ ಅಗಲಿಸಿದ ಕಣ್ಣೂ, ಉಬ್ಬುವ ಪಕ್ಕೆಯೂ, ಓಡಲು ದಾರಿ ಕಾಣದೆ ತಿರುಗುವ ಅದರ ಕತ್ತೂ ಕಾಣುತ್ತವೆ. ದಾರಿಯ ಮಗ್ಗುಲಲ್ಲಿ ನಿಂತ ಮುದುಕನೂ, ಮಾಡಿನಿಂದ ಇಣುಕುವ ಯಾರದೋ ತಾಯಿಯೂ ಕಾಣುತ್ತಾರೆ. ಇಂಥ ಆಟಗಳಲ್ಲಿ ಎತ್ತುಗಳನ್ನು ಬಳಸಕೂಡದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಂಬಳ, ಎತ್ತಿನ ಓಟಗಳಿಗೆ ಕರ್ನಾಟಕವು 2017ರಲ್ಲಿ ಕಾಯಿದೆಯನ್ನು ತಿದ್ದಿ ಎಡೆಮಾಡಿತು. 2023ರಲ್ಲಿ ಐವರು ನ್ಯಾಯಾಧೀಶರ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾಯಿದೆಯು ಅನುಮತಿಯನ್ನು ಕೊಡಬಲ್ಲುದು, ಕನಿಕರವನ್ನು ಕೊಡಲಾರದು. ಮನುಷ್ಯನು ಅಪಾಯವನ್ನು ಆರಿಸಿಕೊಂಡು ಬಂದವನು, ಹೋರಿಯು ಆರಿಸಿಕೊಳ್ಳದೆ ಬಂದುದು—ಈ ಭೇದವನ್ನು ನೋವುಂಡವನಷ್ಟು ಚೆನ್ನಾಗಿ ಬೇರೆ ಯಾರು ತಿಳಿಯಬಲ್ಲರು?

ಕಾಲು ಕೂಡಿದ ಮೇಲೆ ಅವನು ಮತ್ತೆ ಒಳಕ್ಕೆ ಇಳಿಯಬೇಕೆ, ಬೇಡವೆ? ಈ ನಿರ್ಣಯವನ್ನು ಅಖಾಡದಲ್ಲಿ ಮಾಡಬಾರದು. ಅಲ್ಲಿ ತಮಟೆಯ ಸದ್ದಿದೆ, ಸಾವಿರ ಕಂಠಗಳ ಕೂಗಿದೆ. ಸಂಚಾರವನ್ನು ಮುಗಿಸಿ ಮನೆಗೆ ಬಂದು, ಕಾಲು ತೊಳೆದು, ತನ್ನ ಶರೀರದಲ್ಲಿ ಪಾಲುಳ್ಳವರೊಡನೆ ಕುಳಿತು ಅದನ್ನು ಮಾಡತಕ್ಕದ್ದು. ಇಳಿಯುವುದಾದರೆ ಅವರಿಗೆ ತಿಳಿದು ಇಳಿಯಲಿ. ಬಿಡುವುದಾದರೆ ಕರುಬಿಲ್ಲದೆ ಬಿಡಲಿ. ಎರಡರಲ್ಲಿ ಯಾವುದನ್ನು ಮಾಡಿದರೂ, ಮುಂದಿನ ವರ್ಷ ಪೆಟ್ಟು ತಿಂದು ಮಲಗುವ ಮತ್ತೊಬ್ಬ ಹುಡುಗನ ಮನೆಗೆ, ಎರಡು ತಿಂಗಳು ಕಳೆದು ಎಲ್ಲರೂ ಬರುವುದನ್ನು ಬಿಟ್ಟ ಮೇಲೆ, ಅವನು ಹೋಗಿ ಕುಳಿತರೆ ಅವನ ಸಂಚಾರವು ಸಾರ್ಥಕವಾಯಿತು.