ಒಂದು ಮುಷ್ಟಿ ಮೇಲಿನ ಧ್ರುವ

ನಾವು ಎಲ್ಲಿದ್ದೇವೆ ಎಂದು ನಾವೇ ಕಂಡುಕೊಳ್ಳುವುದು, ಯಾರೋ ಹೇಳಿ ತಿಳಿದುಕೊಳ್ಳುವುದು, ಎರಡೂ ಒಂದೇನಾ? ಊರಿನಲ್ಲಿದ್ದಾಗ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅಲ್ಲಿ ದೇವಸ್ಥಾನ, ಅಶ್ವತ್ಥಕಟ್ಟೆ, ಶೆಟ್ಟರ ಅಂಗಡಿ ಇದ್ದರೆ ಆಯಿತು. ಪರಊರಿಗೆ ಬಂದವನಿಗೆ ಮಾತ್ರ ಅದು ದಿನಾ ಎದುರಾಗುತ್ತದೆ. ಕೋಲ್ಕತ್ತಾದ ನ್ಯೂ ಟೌನ್‌ನಲ್ಲಂತೂ ವಿಳಾಸ ಎಂದರೆ ಆಕ್ಷನ್ ಏರಿಯಾ ಒಂದು, ಎರಡು, ಮೂರು; ಆಮೇಲೆ ಬ್ಲಾಕಿನ ಅಕ್ಷರ. ಬಂಗಾಳಿ ಅರ್ಧಂಬರ್ಧ ಬರುವ ನನ್ನಂಥವನಿಗೆ ಫೋನಿನ ನಕ್ಷೆಯ ನೀಲಿ ಚುಕ್ಕಿಯೇ ಗತಿ. ಅದು ತಪ್ಪುವುದು ಕಡಿಮೆ, ನಿಜ. ಆದರೆ ವರ್ಷಗಟ್ಟಲೆ ಅದರ ಹಿಂದೆ ನಡೆದ ಮೇಲೂ, ಪೂರ್ವ ಯಾವ ಕಡೆ ಅಂತ ಕೇಳಿದರೆ ತಡವರಿಸುವವರೇ ನಮ್ಮಲ್ಲಿ ಹೆಚ್ಚು.

ಸಮುದ್ರದ ಮೇಲೆ ಇದು ಪ್ರಾಣದ ಪ್ರಶ್ನೆ. ಜಿಪಿಎಸ್ ಕೈಯಲ್ಲಿದ್ದರೂ, ಕೋನ ಅಳೆಯುವ ಸೆಕ್ಸ್‌ಟಂಟ್ ಹಿಡಿದು ಸೂರ್ಯನನ್ನೋ ನಕ್ಷತ್ರವನ್ನೋ ನೋಡಿ ತಮ್ಮ ಜಾಗ ಲೆಕ್ಕ ಹಾಕುವ ನಾವಿಕರು ಈಗಲೂ ಇದ್ದಾರೆ. ಇದು ಬರೀ ಹಠವೋ, ಹಳೆಯದರ ಮೇಲಿನ ಮೋಹವೋ, ಇಲ್ಲಾ ಕರ್ತವ್ಯವೋ?

ವಿದ್ಯೆಯ ಮೊದಲ ಪಾಠ ಸರಳ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ನೀವಿರುವ ಅಕ್ಷಾಂಶ. ಮಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ, ಇಲ್ಲಿ 22.5. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಅಂದರೆ ಕರಾವಳಿಯಿಂದ ಇಲ್ಲಿಗೆ ಬಂದವನ ಪಾಲಿಗೆ ಧ್ರುವ ಒಂದು ಮುಷ್ಟಿ ಮೇಲೇರಿದ್ದಾನೆ. ಅರಬ್ಬಿ ಸಮುದ್ರದ ಹಳೆಯ ನಾವಿಕರು ‘ಕಮಾಲ್’ ಎಂಬ ಪುಟ್ಟ ಹಲಗೆಗೆ ಗಂಟು ಹಾಕಿದ ದಾರ ಕಟ್ಟಿ, ದಾರವನ್ನು ಹಲ್ಲಲ್ಲಿ ಕಚ್ಚಿ ಅಳೆಯುತ್ತಿದ್ದುದೂ ಇದನ್ನೇ.

ರೇಖಾಂಶದ್ದು ಕಷ್ಟದ ಲೆಕ್ಕ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಮಂಗಳೂರಿಗಿಂತ ಸುಮಾರು 54 ನಿಮಿಷ ಮೊದಲೇ ಇಲ್ಲಿ ನಡುಹಗಲು. ದೇಶಕ್ಕೆಲ್ಲ ಗಡಿಯಾರ ಒಂದೇ ಆದ್ದರಿಂದ, ಡಿಸೆಂಬರಿನಲ್ಲಿ ಇಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗಿದಾಗ ಊರಲ್ಲಿ ಇನ್ನೂ ಬಿಸಿಲು. ಹಡಗಿನವರು ಗ್ರೀನಿಚ್‌ನ ಹೊತ್ತು ತೋರಿಸುವ ಗಡಿಯಾರವನ್ನು ಜೋಪಾನವಾಗಿಟ್ಟುಕೊಂಡು, ತಾವಿರುವ ಕಡೆಯ ಸೂರ್ಯನ ಜೊತೆ ಹೋಲಿಸುತ್ತಾರೆ. ದೂರದ ಒಂದು ಜಾಗದ ಹೊತ್ತನ್ನು ಮರೆಯದೆ ಇಟ್ಟುಕೊಂಡವನಿಗೇ ತಾನು ಎಲ್ಲಿಗೆ ಬಂದಿದ್ದೇನೆ ಎಂಬುದು ಗೊತ್ತಾಗುತ್ತದೆ. ಪರಊರಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಡಿಯಾರದ ಜೊತೆ ಪಂಚಾಂಗವೂ ಬೇಕು. ಯಾವ ಕ್ಷಣದಲ್ಲಿ ಯಾವ ನಕ್ಷತ್ರ ಎಲ್ಲಿ ಎನ್ನುವ ಕೋಷ್ಟಕ. ನಮ್ಮ ಪಕ್ಕದ ಸಾಲ್ಟ್ ಲೇಕ್‌ನಲ್ಲೇ ಹವಾಮಾನ ಇಲಾಖೆಯ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ಇದೆ. ಮೇಘನಾದ ಸಾಹಾ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯಿಂದ ಬೆಳೆದು ಬಂದ ಕೆಲಸ ಅಲ್ಲಿಯದು. ಆಕಾಶಕಾಯಗಳ ಸ್ಥಾನ ಹೇಳುವ ವಾರ್ಷಿಕ ಗ್ರಂಥವನ್ನೂ ಹಬ್ಬದ ತಿಥಿ ಹೇಳುವ ರಾಷ್ಟ್ರೀಯ ಪಂಚಾಂಗವನ್ನೂ ಸಿದ್ಧಪಡಿಸುವವರು ಅವರೇ. ಯುಗಾದಿಗೂ ನಾವಿಕನಿಗೂ ಬೇಕಾದ ಗಣಿತ ಒಂದೇ ಸೂರಿನಡಿ!

ಇನ್ನು ಮೂಲ ಪ್ರಶ್ನೆ. ನಾವಿಕ ಮೂರು ನಕ್ಷತ್ರ ನೋಡಿ ನಕ್ಷೆಯ ಮೇಲೆ ಮೂರು ಗೆರೆ ಎಳೆದರೆ ಅವು ಒಂದೇ ಬಿಂದುವಿನಲ್ಲಿ ಕೂಡುವುದು ಅಪರೂಪ. ನಡುವೆ ಒಂದು ಚಿಕ್ಕ ತ್ರಿಕೋನ ಉಳಿಯುತ್ತದೆ. ‘ನಾನು ಇದರ ಆಸುಪಾಸಿನಲ್ಲಿದ್ದೇನೆ’ ಎಂದಷ್ಟೇ ಅವನು ಹೇಳಬಲ್ಲ. ತ್ರಿಕೋನ ದೊಡ್ಡದಾದರೆ ಅನುಮಾನವೂ ದೊಡ್ಡದು. ತಿಳಿವಿನ ಜೊತೆಗೆ ತನ್ನ ತಿಳಿವಿನ ಮಿತಿಯೂ ಅವನಿಗೆ ಕಾಣುತ್ತದೆ. ತೆರೆಯ ಮೇಲಿನ ಚುಕ್ಕಿ ಹೀಗೆ ಅನುಮಾನ ಪಡುವುದನ್ನು ನಾವು ನೋಡುವುದು ಕಡಿಮೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ ಹಡಗುಗಳಿಗೆ ಜಿಪಿಎಸ್, ನೀವು ದಡದ ವಿಮಾನ ನಿಲ್ದಾಣದಲ್ಲಿದ್ದೀರಿ ಎಂದು ತೋರಿಸಿತ್ತು! ಅಮೆರಿಕದ ನೌಕಾ ಅಕಾಡೆಮಿ 1990ರ ದಶಕದ ಕೊನೆಯಲ್ಲಿ ಕೈಬಿಟ್ಟಿದ್ದ ನಕ್ಷತ್ರದ ಪಾಠವನ್ನು 2015ರಲ್ಲಿ ಮತ್ತೆ ಶುರುಮಾಡಿದ್ದು ಸುಮ್ಮನೆ ಅಲ್ಲ.

ಹಾಗಂತ ಮಲ್ಪೆಯ ಬೋಟಿನವರಿಗೆ ಜಿಪಿಎಸ್ ಬಿಸಾಡಿ ನಕ್ಷತ್ರ ನೋಡಿ ಎನ್ನಲು ಬರುತ್ತದೆಯೇ? ಇಲ್ಲಿನ ಕಾಕದ್ವೀಪದ ಮೀನುಗಾರರು ಬಾಂಗ್ಲಾದೇಶದ ಗಡಿ ದಾಟಿದರೆ ಜೈಲು. ಆ ಗಡಿ ನೀರಿನ ಮೇಲೂ ಬರೆದಿಲ್ಲ, ಆಕಾಶದಲ್ಲೂ ಇಲ್ಲ. ದಡದಲ್ಲಿ ಕೂತವರ ಹಳೆಯ ವಿದ್ಯೆಯ ವ್ಯಾಮೋಹಕ್ಕೆ ಅವರು ಬೆಲೆ ತೆರಬೇಕಾಗಿಲ್ಲ. ಆಧುನಿಕ ನ್ಯಾವಿಗೇಷನ್ ಬಳಸಬಾರದೆಂಬ ನಿಯಮದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಒಂಟಿಯಾಗಿ ಹೊರಟಿದ್ದ ನೌಕಾಪಡೆಯ ಅಭಿಲಾಷ್ ಟೋಮಿ 2018ರಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಬೆನ್ನು ಮುರಿದುಕೊಂಡಾಗ, ಅವರ ಸಂಕಟ ಹೊರಗೆ ತಿಳಿದದ್ದು ಉಪಗ್ರಹದ ಮೂಲಕವೇ. ಅವರು ಮತ್ತೆ ಅದೇ ಸ್ಪರ್ಧೆಗೆ ಇಳಿದು 2023ರಲ್ಲಿ ಎರಡನೆಯವರಾಗಿ ದಡ ಸೇರಿದರು. ಹಳೆಯದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯದ ಹಿಂದೆ ಹೊಸದರ ಕಾವಲೂ ಇತ್ತು.

ಆದ್ದರಿಂದ ನನಗನಿಸುವುದು ಇಷ್ಟು. ಹೊಸದನ್ನು ದೂರವಿಡುವುದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಆದರೆ ಹೇಳಿದ್ದನ್ನು ಒರೆಗೆ ಹಚ್ಚಿ ನೋಡುವ ಒಂದು ವಿದ್ಯೆಯನ್ನಾದರೂ ಕೈಯಲ್ಲಿಟ್ಟುಕೊಳ್ಳುವುದು ಕರ್ತವ್ಯ. ಬೇರೆಯವರ ಜೀವವೂ ಅದೇ ಹಡಗಿನಲ್ಲಿದ್ದರೆ ಇನ್ನೂ ಹೆಚ್ಚು. ಪರಊರಿನಲ್ಲಿರುವವರಿಗೆ ನೀನೆಲ್ಲಿಯವನು ಎಂದು ಹೇಳುವವರು ಬಹಳ. ಇಲ್ಲಿಯವರು ಹೊರಗಿನವನು ಅನ್ನುತ್ತಾರೆ, ಊರವರು ಊರು ಬಿಟ್ಟವನು ಅನ್ನುತ್ತಾರೆ. ನಾವೇ ನೋಡಿ ಗೆರೆ ಎಳೆದರೆ ಬಿಂದು ಸಿಗುವುದಿಲ್ಲ, ತ್ರಿಕೋನವೇ ಸಿಗುತ್ತದೆ. ಸಿಗಲಿ, ಅದು ನಮ್ಮ ಅಳತೆ.

ನ್ಯೂ ಟೌನ್‌ನ ದೀಪ, ಧೂಳಿನಲ್ಲಿ ಧ್ರುವ ಕಾಣುವುದು ಅಪರೂಪ. ಕಾಲ್‌ಬೈಶಾಖಿಯ ಮಳೆ ಸುರಿದು ಗಾಳಿ ತೊಳೆದುಹೋದ ರಾತ್ರಿ ಮಹಡಿಗೆ ಹೋಗಿ ಉತ್ತರಕ್ಕೆ ಕೈ ಚಾಚಿ ನೋಡಿ. ಎರಡು ಮುಷ್ಟಿ ಮತ್ತು ಸ್ವಲ್ಪ. ಊರಲ್ಲಾದರೆ ಒಂದು ಮುಷ್ಟಿ ಮತ್ತು ಸ್ವಲ್ಪ.