ವಿದ್ಯಾದಾನದಿಂದ ಮತದಾನದವರೆಗೆ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಹೆಸರು ವಾಚಕರಿಗೆ ಬಾಲ್ಯದಿಂದಲೇ ಪರಿಚಿತವಾದುದು. ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಬೇರೆ ಬೇರೆಯಾಗುತ್ತದೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ತಿಳಿಸಿದ್ದಾರೆ. ಈ ನಾಲ್ಕರಲ್ಲಿ ದ್ರವ್ಯದ ಕಡೆಗೆ ನಮ್ಮ ಗಮನ ಹೆಚ್ಚು. ಕೊಟ್ಟ ಮೊತ್ತವನ್ನು ಅಮೃತಶಿಲೆಯ ಫಲಕದ ಮೇಲೆ ಕೆತ್ತಿಸುತ್ತೇವೆ; ಕೊಟ್ಟ ವಿಧಿಯನ್ನು ಕೆತ್ತಿಸುವುದಿಲ್ಲ. ಹಸಿದವನಿಗೆ ಅನ್ನ ಕೊಡುವಾಗ ವಿಧಿಯ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲವೆನ್ನೋಣ. ಆದರೆ ಒಂದು ದೇಶದ ಕಾನೂನೇ ಒಂದು ಜನಾಂಗವನ್ನು ಕೆಳಗಿಟ್ಟಿರುವಾಗ, ಆ ಜನಾಂಗಕ್ಕೆ ದಾನ ಮಾಡುವವನು ಹೇಗೆ ಮಾಡಬೇಕು? ಕಣ್ಣೀರನ್ನು ಒರಸಿ ಸುಮ್ಮನಿರಬೇಕೆ, ಇಲ್ಲವೇ ಕಣ್ಣೀರಿಗೆ ಕಾರಣವಾದ ವ್ಯವಸ್ಥೆಯನ್ನು ಪ್ರಶ್ನಿಸಬೇಕೆ? ಪ್ರಶ್ನಿಸುವುದಾದರೆ, ಧನಿಕನ ಹಣ ಪ್ರಜೆಗಳ ಆಳ್ವಿಕೆಯೊಳಗೆ ಎಲ್ಲಿಯವರೆಗೆ ಕಾಲಿಡಬಹುದು?

ಈ ಪ್ರಶ್ನೆಗಳು ಅಮೆರಿಕದಲ್ಲಿ ನೂರು ವರ್ಷಗಳಿಗೂ ಮಿಗಿಲಾಗಿ ಕಾರ್ಯರೂಪದಲ್ಲಿ ಪರೀಕ್ಷೆಗೊಳಗಾಗಿವೆ. ಅಲ್ಲಿಯ ದಾನಿಗಳ ಲೆಕ್ಕಪತ್ರಗಳೂ ಇಂದು ತೆರೆದಿವೆ. ಆದಕಾರಣ ಆ ದೇಶದ ಒಂದೆರಡು ನಿದರ್ಶನಗಳ ಮೂಲಕ ಈ ವಿಚಾರವನ್ನು ಪರಿಶೀಲಿಸಲು ಬಯಸುತ್ತೇನೆ.

1893ರ ಸರ್ವಧರ್ಮ ಸಮ್ಮೇಳನದಲ್ಲಿ ವೀರಚಂದ ರಾಘವಜಿ ಗಾಂಧಿಯವರು ಜೈನಧರ್ಮವನ್ನು ಪರಿಚಯಿಸಿದ ಷಿಕಾಗೊ ನಗರದಲ್ಲಿ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ವರ್ತಕರಿದ್ದರು. ಜರ್ಮನಿಯಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ 1862ರಲ್ಲಿ ಜನಿಸಿದ ಇವರು ಬಟ್ಟೆ ವ್ಯಾಪಾರದಿಂದ ಆರಂಭಿಸಿ, ಅಂಚೆಯ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ರೋಬಕ್ ಸಂಸ್ಥೆಯ ಮುಖ್ಯಸ್ಥರಾದರು. ಗುಲಾಮಗಿರಿಯಲ್ಲಿ ಹುಟ್ಟಿ, ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ವಿದ್ಯಾಸಂಸ್ಥೆಯೊಂದನ್ನು ಬೆಳೆಸಿದ್ದ ಬುಕರ್ ಟಿ. ವಾಷಿಂಗ್ಟನ್ ಅವರನ್ನು 1911ರಲ್ಲಿ ಭೇಟಿಯಾದರು. ಮರುವರ್ಷ ತಮ್ಮ ಐವತ್ತನೆಯ ಹುಟ್ಟುಹಬ್ಬದಂದು ನೀಡಿದ ಹಲವು ದಾನಗಳಲ್ಲಿ ಟಸ್ಕೀಗಿಗೆ 25,000 ಡಾಲರ್ ಕೊಟ್ಟರು. ಅದರಲ್ಲಿ ಉಳಿದ ಸ್ವಲ್ಪ ಹಣದಿಂದ ಸುತ್ತಲಿನ ಹಳ್ಳಿಗಳಲ್ಲಿ ಕಪ್ಪು ಜನರ ಮಕ್ಕಳಿಗೆ ಆರು ಚಿಕ್ಕ ಶಾಲೆಗಳನ್ನು ಕಟ್ಟಬಹುದೆಂದು ವಾಷಿಂಗ್ಟನ್ ಸೂಚಿಸಿದರು. ಆರು ಶಾಲೆಗಳಿಂದ ಆರಂಭವಾದ ಆ ಕಾರ್ಯ 1932ರ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆಗಳಿಗೆ ಬೆಳೆಯಿತು. ಶಿಕ್ಷಕರ ಮನೆಗಳನ್ನೂ ಕಸುಬು ಕಲಿಸುವ ಕಟ್ಟಡಗಳನ್ನೂ ಸೇರಿಸಿದರೆ ಒಟ್ಟು 5,357 ಕಟ್ಟಡಗಳು. ವಿದ್ಯುತ್ತಿಲ್ಲದ ಹಳ್ಳಿಗಳಾದ ಕಾರಣ ಹಗಲಿನ ಬೆಳಕು ಮಗುವಿನ ಪುಸ್ತಕದ ಮೇಲೆ ಸಮವಾಗಿ ಬೀಳುವಂತೆ ಎತ್ತರದ ಕಿಟಕಿಗಳ ಸಾಲನ್ನು ಯೋಜಿಸಲಾಗಿತ್ತು.

ಇಲ್ಲಿ ಗಮನಿಸಬೇಕಾದುದು ವಿಧಿ. ರೋಸೆನ್‌ವಾಲ್ಡ್ ಪೂರ್ತಿ ಹಣವನ್ನು ಎಲ್ಲಿಯೂ ಕೊಡಲಿಲ್ಲ. ಊರಿನ ಕಪ್ಪು ಜನರು ತಮ್ಮ ಪಾಲನ್ನು ಕೂಡಿಸಬೇಕು, ಸರ್ಕಾರ ತನ್ನ ಪಾಲನ್ನು ಹಾಕಬೇಕು, ಕಟ್ಟಿದ ಶಾಲೆ ಸರ್ಕಾರಿ ಶಿಕ್ಷಣ ವ್ಯವಸ್ಥೆಗೆ ಸೇರಬೇಕು ಎಂಬುದು ನಿಯಮ. ಗೇಣಿದಾರರಾಗಿ ಬದುಕುತ್ತಿದ್ದ ಬಡವರು ಹತ್ತಿಹೊಲದ ಒಂದು ತುಂಡನ್ನು ಶಾಲೆಗೆಂದು ಮೀಸಲಿಟ್ಟರು. ಮರ ಕಡಿದು ತಂದರು. ಕೈಯಾರೆ ಗೋಡೆ ಎತ್ತಿದರು. ಹೆಂಗಸರು ಊಟದ ಬುತ್ತಿಗಳನ್ನು ಕಟ್ಟಿ ಮಾರಿ ಹಣ ಕೂಡಿಸಿದರು. ಕೊನೆಯ ಲೆಕ್ಕದಲ್ಲಿ ರೋಸೆನ್‌ವಾಲ್ಡ್ ನಿಧಿಯ ಪಾಲು ಸುಮಾರು 43 ಲಕ್ಷ ಡಾಲರ್. ಕಪ್ಪು ಜನರು ಕೊಟ್ಟದ್ದು ಸುಮಾರು 47 ಲಕ್ಷ ಡಾಲರ್. ಕೋಟ್ಯಧೀಶನಿಗಿಂತ ಗೇಣಿದಾರರೇ ಹೆಚ್ಚು ಕೊಟ್ಟಿದ್ದರು! ಆದರೂ ಚರಿತ್ರೆಯಲ್ಲಿ ಆ ಶಾಲೆಗಳು ಕೋಟ್ಯಧೀಶನ ಹೆಸರಿನಿಂದಲೇ ಪ್ರಸಿದ್ಧವಾಗಿವೆ.

ಈ ಲೆಕ್ಕವನ್ನು ವ್ಯಾಪಾರಿಯ ಕಣ್ಣಿನಿಂದ ಇನ್ನೊಮ್ಮೆ ನೋಡೋಣ. ಕಪ್ಪು ಜನರು ಇತರರಂತೆ ತೆರಿಗೆ ಕೊಡುತ್ತಿದ್ದರು. ಆ ತೆರಿಗೆಯ ಹಣದಲ್ಲಿ ಬಿಳಿಯರ ಮಕ್ಕಳಿಗೆ ಶಾಲೆಗಳು ಏಳುತ್ತಿದ್ದವು. ತಮ್ಮ ಮಕ್ಕಳಿಗೆ ಶಾಲೆ ಬೇಕಾದಾಗ ಅವರು ಎರಡನೆಯ ಬಾರಿ ಕೊಡಬೇಕಾಯಿತು. ಇದನ್ನು ಇತಿಹಾಸಕಾರ ಜೇಮ್ಸ್ ಆಂಡರ್ಸನ್ ಇಮ್ಮಡಿ ತೆರಿಗೆ ಎಂದು ಕರೆದಿದ್ದಾರೆ. ಹೀಗೆ ನೋಡಿದಾಗ ದಾನಿಯ ಔದಾರ್ಯದ ಪಕ್ಕದಲ್ಲಿಯೇ ಒಂದು ಬಾಕಿಯೂ ಕಾಣಿಸುತ್ತದೆ. ಆ ಬಾಕಿ ಸರ್ಕಾರದ್ದು, ಬಹುಸಂಖ್ಯಾತರದ್ದು. ಸಲ್ಲಬೇಕಾದ ಸಾಲವನ್ನು ಧರ್ಮದ ಖಾತೆಗೆ ಬರೆದುಕೊಂಡರೆ ಲೆಕ್ಕ ಹೊಂದಿದಂತೆ ಕಂಡೀತು, ಆದರೆ ಅದು ಸತ್ಯವಾದ ಲೆಕ್ಕವಾಗದು.

ಅಷ್ಟೇ ಅಲ್ಲ. ಆ ಶಾಲೆಗಳು ಕಪ್ಪು ಮಕ್ಕಳನ್ನು ಬಿಳಿಯ ಮಕ್ಕಳಿಂದ ಬೇರೆಯಾಗಿಯೇ ಇರಿಸಿದವು. ಪ್ರತ್ಯೇಕತೆಯ ಕಾನೂನನ್ನು ದಾನಿ ಮುಟ್ಟಲಿಲ್ಲ. ಮುಟ್ಟಿದ್ದರೆ ದಕ್ಷಿಣದ ರಾಜ್ಯಗಳಲ್ಲಿ ಒಂದು ಇಟ್ಟಿಗೆಯನ್ನಿಡಲೂ ಬಿಡುತ್ತಿರಲಿಲ್ಲವೆಂಬುದೂ ನಿಜ. ಮೊದಲು ವಿದ್ಯೆ ಮತ್ತು ದುಡಿಮೆ, ಹಕ್ಕುಗಳು ಆಮೇಲೆ ಎಂಬುದು ವಾಷಿಂಗ್ಟನ್ ಅವರ ದಾರಿ. ಹಕ್ಕನ್ನು ಬಿಟ್ಟುಕೊಟ್ಟು ಪಡೆದ ವಿದ್ಯೆ ಮನುಷ್ಯನನ್ನು ಪೂರ್ಣಗೊಳಿಸದೆಂದು ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿಯೇ ಅದನ್ನು ವಿರೋಧಿಸಿದ್ದರು. ನೂರು ವರ್ಷಗಳ ಬಳಿಕ ಕುಳಿತು ರೋಸೆನ್‌ವಾಲ್ಡರನ್ನು ದೂಷಿಸುವುದು ಸುಲಭ. ಶಾಲೆಯೇ ಇಲ್ಲದ ಹಳ್ಳಿಯ ಮಗುವಿಗೆ ಆ ಎತ್ತರದ ಕಿಟಕಿಯ ಬೆಳಕು ಸಣ್ಣದಾಗಿರಲಿಲ್ಲ. ಆದರೆ ದಾನ ಅಲ್ಲಿಗೇ ನಿಂತಿದ್ದರೆ ಅನ್ಯಾಯವನ್ನು ಸಹಿಸಲು ಅನುಕೂಲವಾದ ವ್ಯವಸ್ಥೆಯಷ್ಟೇ ಆಗುತ್ತಿತ್ತು ಎಂಬ ಮಾತನ್ನೂ ತಳ್ಳಿಹಾಕಲಾಗದು.

ಅದು ಅಲ್ಲಿಗೇ ನಿಲ್ಲಲಿಲ್ಲ. ನಿಧಿಯನ್ನು ಶಾಶ್ವತವಾಗಿರಿಸುವುದನ್ನು ರೋಸೆನ್‌ವಾಲ್ಡ್ ಒಪ್ಪುತ್ತಿರಲಿಲ್ಲ. ತಮ್ಮ ಮರಣಾನಂತರ 25 ವರ್ಷಗಳೊಳಗೆ ಬಡ್ಡಿಯಷ್ಟೇ ಅಲ್ಲದೆ ಅಸಲನ್ನೂ ವ್ಯಯಿಸಿ ಮುಗಿಸಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಅವರು 1932ರಲ್ಲಿ ತೀರಿಕೊಂಡರು. ನಿಧಿ 1948ರಲ್ಲಿಯೇ ಬಾಗಿಲು ಮುಚ್ಚಿತು. ಅದಕ್ಕೆ ಮೊದಲು ಕಪ್ಪು ಲೇಖಕರು, ಕಲಾವಿದರು, ವಿದ್ವಾಂಸರಿಗೆ ವೇತನಗಳನ್ನು ನೀಡಿತು. ಡುಬಾಯ್ಸ್ ಅವರಿಗೂ ಅದು ದೊರೆಯಿತು. ಮನಶ್ಶಾಸ್ತ್ರಜ್ಞ ದಂಪತಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಅವರ ಸಂಶೋಧನೆಗೂ ಆ ನೆರವು ಸಂದಿತು. ಪ್ರತ್ಯೇಕತೆ ಮಕ್ಕಳ ಮನಸ್ಸನ್ನು ಹೇಗೆ ಕುಗ್ಗಿಸುತ್ತದೆಂಬ ಅವರ ಅಧ್ಯಯನ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರತ್ಯೇಕ ಶಾಲೆಗಳನ್ನು ಅಸಿಂಧುವೆಂದು ಸಾರಿದ ತೀರ್ಪಿನಲ್ಲಿ ಉಲ್ಲೇಖಗೊಂಡಿತು. ಪ್ರತ್ಯೇಕ ಶಾಲೆಗಳನ್ನು ಕಟ್ಟಿದ ನಿಧಿಯೇ ಪ್ರತ್ಯೇಕತೆಯ ಬುಡಕ್ಕೆ ಪೆಟ್ಟು ಕೊಟ್ಟವರಿಗೂ ಆಸರೆಯಾಗಿತ್ತು.

ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ವಿಂಗಡಿಸಿದ್ದಾರೆ. ಅಲ್ಲಿ ಸಮದತ್ತಿಯೆಂದರೆ ಆಚಾರ ವ್ರತಗಳಲ್ಲಿ ತನಗೆ ಸಮಾನನಾದ ಗೃಹಸ್ಥನಿಗೆ ಕೊಡುವುದು. ಆ ಶಬ್ದವನ್ನು ಅದರ ಶಾಸ್ತ್ರೀಯ ಎಲ್ಲೆಯಿಂದ ಸ್ವಲ್ಪ ಹಿಗ್ಗಿಸಿ ಬಳಸಲು ವಾಚಕರ ಅನುಮತಿ ಬೇಡುತ್ತೇನೆ. ಪಡೆಯುವವನು ಇಂದು ಸಮಾನನಲ್ಲದಿದ್ದರೆ, ನಾಳೆ ಸಮಾನನಾಗುವಂತೆ ಕೊಡುವುದೂ ಸಮದತ್ತಿಯೇ ಎಂದು ನನ್ನ ಭಾವನೆ. ಪ್ರಜಾಪ್ರಭುತ್ವದಲ್ಲಿ ಸಮಾನತೆಯ ಕನಿಷ್ಠ ಗುರುತು ಮತ. ನಮ್ಮ ಭಾಷೆಯಲ್ಲಿ ಅದನ್ನೂ ದಾನವೆಂದೇ ಕರೆಯುತ್ತೇವೆ. ಮತವಿಲ್ಲದವನು ತನ್ನ ದೇಶಕ್ಕೆ ಕೊಡಲು ಏನೂ ಇಲ್ಲದವನಾಗಿ, ಸದಾ ಪಡೆಯುವವನಾಗಿಯೇ ಉಳಿಯುತ್ತಾನೆ.

ದಕ್ಷಿಣದ ರಾಜ್ಯಗಳು 1890ರಿಂದ ಮತದ ತೆರಿಗೆ, ಅಕ್ಷರಪರೀಕ್ಷೆ ಮೊದಲಾದ ಉಪಾಯಗಳಿಂದ ಕಪ್ಪು ಜನರನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟಿದ್ದವು. 1962ರಲ್ಲಿ ಟಕೋನಿಕ್, ಫೀಲ್ಡ್, ಸ್ಟರ್ನ್ ಎಂಬ ದಾನನಿಧಿಗಳು ಹಣವೊದಗಿಸಿ, ಮತದಾರ ಶಿಕ್ಷಣ ಯೋಜನೆಯೆಂಬ ಕಾರ್ಯಕ್ಕೆ ನೆರವಾದವು. ವೈಲಿ ಬ್ರ್ಯಾಂಟನ್ ಎಂಬ ವಕೀಲರು ಅದರ ನಿರ್ದೇಶಕರು. ಯಾವ ಪಕ್ಷಕ್ಕೂ ಸೇರದೆ, ಜನರನ್ನು ಪಟ್ಟಿಗೆ ಸೇರಿಸುವುದಷ್ಟೇ ಉದ್ದೇಶ. ಎರಡೂವರೆ ವರ್ಷಗಳಲ್ಲಿ ಹನ್ನೊಂದು ರಾಜ್ಯಗಳಲ್ಲಿ ಸುಮಾರು ಏಳು ಲಕ್ಷ ಹೊಸ ಮತದಾರರು ನೋಂದಣಿಗೊಂಡರು.

ಆದರೆ ಮಿಸಿಸಿಪ್ಪಿ ರಾಜ್ಯದಲ್ಲಿ ಕೆಲಸ ಸಾಗಲಿಲ್ಲ. ಅಲ್ಲಿ ಅಡ್ಡಿಯಾದುದು ಭಯ. 1962ರ ಆಗಸ್ಟಿನಲ್ಲಿ ಫ್ಯಾನಿ ಲೂ ಹ್ಯಾಮರ್ ಎಂಬ ಮಹಿಳೆ ನೋಂದಣಿಗೆ ಅರ್ಜಿ ಹಾಕಿ ಹಿಂದಿರುಗಿದ ದಿನವೇ, ಹದಿನೆಂಟು ವರ್ಷ ದುಡಿದ ಹೊಲದ ಮನೆಯಿಂದ ಮಾಲೀಕ ಹೊರಗಟ್ಟಿದ. ಮರುವರ್ಷ ಸೆರೆಮನೆಯಲ್ಲಿ ಆಕೆಯನ್ನು ಕ್ರೂರವಾಗಿ ಹೊಡೆಯಲಾಯಿತು. ಇಂತಹ ಕಡೆ ವ್ಯಯಿಸಿದ ಹಣಕ್ಕೆ ಸೇರಿದ ಹೆಸರುಗಳು ಬಹಳ ಕಡಿಮೆ. ಕಾರ್ಯಕರ್ತರ ಮೇಲೆ ಹಿಂಸೆ, ಸರ್ಕಾರದಿಂದ ರಕ್ಷಣೆಯಿಲ್ಲ, ಫಲವೂ ಅತ್ಯಲ್ಪ ಎಂಬ ಕಾರಣದಿಂದ 1963ರ ಕೊನೆಗೆ ಯೋಜನೆಯು ಮಿಸಿಸಿಪ್ಪಿಗೆ ಕೊಡುತ್ತಿದ್ದ ಹಣದ ಬಹುಪಾಲನ್ನು ನಿಲ್ಲಿಸಿತು.

ನಾನು ವ್ಯಾಪಾರಿ, ಈ ನಿರ್ಧಾರ ನನಗೆ ಅರ್ಥವಾಗುತ್ತದೆ. ಇದ್ದ ಹಣ ಮಿತವಾದುದು. ಎಲ್ಲಿ ಹೆಚ್ಚು ಫಲವೋ ಅಲ್ಲಿ ಹಾಕಬೇಕು. ಆದರೂ ಮನಸ್ಸು ಒಪ್ಪುವುದಿಲ್ಲ. ಅತ್ಯಂತ ಭೀತರಾದವರಿಗೆ ಅತ್ಯಂತ ಕಡಿಮೆ ದೊರೆಯುವಂತಾದರೆ ಆ ಲೆಕ್ಕದಲ್ಲಿ ಯಾವುದೋ ಒಂದು ಬಾಬ್ತು ಬಿಟ್ಟುಹೋಗಿದೆ. ಬಿಟ್ಟುಹೋದುದು ಅಭಯ. ಹ್ಯಾಮರ್ ಅವರನ್ನು ಕಂಡು ಧೈರ್ಯ ತಾಳಿದ ನೆರೆಯವರನ್ನು ಯಾವ ಕಾಲಮಿನಲ್ಲಿ ಬರೆಯುವುದು? ಹಣ ನಿಂತರೂ ಅಲ್ಲಿಯ ಕಾರ್ಯಕರ್ತರು ನಿಲ್ಲಲಿಲ್ಲ. 1965ರಲ್ಲಿ ಮತಾಧಿಕಾರ ಕಾಯಿದೆ ಬಂದಿತು. 1964ರಲ್ಲಿ ಮಿಸಿಸಿಪ್ಪಿಯ ಅರ್ಹ ಕಪ್ಪು ಜನರಲ್ಲಿ ನೂರಕ್ಕೆ 6.7ರಷ್ಟು ಮಂದಿ ಮಾತ್ರ ಪಟ್ಟಿಯಲ್ಲಿದ್ದರು. 1967ರಲ್ಲಿ ಆ ಪ್ರಮಾಣ 59.8ಕ್ಕೇರಿತು. ದಾನ ದಾರಿಯನ್ನು ತೋರಿಸಿತು. ಕಾನೂನು ಅದನ್ನು ಹೆದ್ದಾರಿಯಾಗಿಸಿತು. ಪ್ರಾಣವನ್ನೊಡ್ಡಿ ನಡೆದವರು ಜನರು.

ಅಲಬಾಮಾದ ಒಂದು ರೋಸೆನ್‌ವಾಲ್ಡ್ ಶಾಲೆಯಲ್ಲಿ ಜಾನ್ ಲೂಯಿಸ್ ಎಂಬ ಗೇಣಿದಾರರ ಮಗ ಓದಿದ್ದರು. 1965ರ ಮಾರ್ಚ್ 7ರಂದು ಸೆಲ್ಮಾ ಪಟ್ಟಣದ ಸೇತುವೆಯ ಬಳಿ ಮತಾಧಿಕಾರಕ್ಕಾಗಿ ಅಹಿಂಸೆಯಿಂದ ನಡೆದುಬರುತ್ತಿದ್ದಾಗ ಪೋಲೀಸರ ಹೊಡೆತಕ್ಕೆ ತಲೆಯೊಡೆಸಿಕೊಂಡವರು ಅವರೇ. 1970ರಿಂದ 1977ರವರೆಗೆ ಅದೇ ಮತದಾರ ಶಿಕ್ಷಣ ಯೋಜನೆಯ ನಿರ್ದೇಶಕರಾಗಿದ್ದು, 1987ರಿಂದ 2020ರಲ್ಲಿ ನಿಧನರಾಗುವವರೆಗೆ ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದರು. ವಿದ್ಯಾದಾನ ಪಡೆದ ಬಾಲಕ ಇತರರ ಮತದಾನಕ್ಕೆ ದಾತಾರನಾದದ್ದು ಹೀಗೆ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು: ಧನಿಕರ ಹಣ ಚುನಾವಣೆಯ ಹತ್ತಿರ ಸುಳಿಯುವುದು ಒಳ್ಳೆಯದೆ? ಆಕ್ಷೇಪ ಸಾಧುವಾದುದು. 1967ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮತದಾರರ ನೋಂದಣಿಗೆ ಫೋರ್ಡ್ ಪ್ರತಿಷ್ಠಾನದ ನೆರವು ದೊರೆತ ವರ್ಷವೇ ಕಾರ್ಲ್ ಸ್ಟೋಕ್ಸ್ ಎಂಬ ಕಪ್ಪು ಮುಖಂಡರು ಮೇಯರರಾಗಿ ಆಯ್ಕೆಯಾದಾಗ ದೊಡ್ಡ ಗದ್ದಲವೆದ್ದಿತು. 1969ರ ತೆರಿಗೆ ಸುಧಾರಣಾ ಕಾಯಿದೆ ಇಂತಹ ದಾನಕ್ಕೆ ಕಟ್ಟುಗಳನ್ನು ವಿಧಿಸಿತು: ಕಾರ್ಯ ಪಕ್ಷಾತೀತವಾಗಿರಬೇಕು, ಐದು ಅಥವಾ ಹೆಚ್ಚು ರಾಜ್ಯಗಳಲ್ಲಿ ನಡೆಯಬೇಕು, ಯಾವೊಂದು ನಿಧಿಯ ಪಾಲೂ ನೂರಕ್ಕೆ 25ನ್ನು ಮೀರಬಾರದು. ಇದರಲ್ಲಿ ಕಪ್ಪು ಮತದಾರರ ಏಳಿಗೆಯನ್ನು ಕಂಡವರ ಅಸಹನೆಯೂ ಇತ್ತು, ನ್ಯಾಯವಾದ ಎಚ್ಚರವೂ ಇತ್ತು. ಯಾರಿಗೆ ಮತ ಹಾಕಬೇಕೆಂದು ಹಣದಿಂದ ಹೇಳಿಸುವುದು ದಾನವಲ್ಲ, ಕ್ರಯ. ಹೊರಗೆ ನಿಲ್ಲಿಸಲ್ಪಟ್ಟವನು ಒಳಗೆ ಬಂದು ತನ್ನಿಷ್ಟದಂತೆ, ಬೇಕಾದರೆ ದಾನಿಯ ಇಚ್ಛೆಗೆ ವಿರುದ್ಧವಾಗಿಯೂ ಮತ ಹಾಕುವಂತೆ ಮಾಡುವುದು ದಾನ. ಕೊಟ್ಟದ್ದರ ಮೇಲೆ ಹಕ್ಕನ್ನುಳಿಸಿಕೊಳ್ಳದಿರುವುದೇ ತ್ಯಾಗವಲ್ಲವೇ?

ಇನ್ನು ನನ್ನದೊಂದು ತಪ್ಪೊಪ್ಪಿಗೆ. ನಾನು ಹಲವು ವರ್ಷ ಒಂದು ವಿದ್ಯಾರ್ಥಿವೇತನ ಸಮಿತಿಯಲ್ಲಿದ್ದೆ. ಪ್ರತಿವರ್ಷ ಸಮಾರಂಭದಲ್ಲಿ ಬಡ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು, ಸಾಲಾಗಿ ನಿಲ್ಲಿಸಿ ಚೆಕ್ಕು ಕೊಡುವುದು ಪದ್ಧತಿ. ಒಮ್ಮೆ ಒಬ್ಬ ತಾಯಿ ಮುಂಚಿನ ದಿನ ಮನೆಗೆ ಬಂದು, "ಸ್ವಾಮಿ, ನೀವು ಕೊಡೋ ಹಣ ನಮಗೆ ಬೇಕು. ಆದರೆ ಹುಡುಗ ವೇದಿಕೆ ಹತ್ತಲ್ಲ ಅಂತಾನೆ. ಅಂಚೆಯಲ್ಲಿ ಕಳಿಸಿದರೆ ಆಗದೇ?" ಎಂದರು. ನಿಯಮವಿಲ್ಲವೆಂದು ಹೇಳಿ ಕಳುಹಿಸಿದೆ. ಹುಡುಗ ಬರಲಿಲ್ಲ, ಹಣ ನಿಧಿಗೆ ಮರಳಿತು. ಲೆಕ್ಕಪರಿಶೋಧಕರು ಆ ವರ್ಷ ನಮ್ಮ ಖಾತೆಗಳನ್ನು ನಿರ್ದುಷ್ಟವೆಂದು ಪ್ರಮಾಣೀಕರಿಸಿದರು. ಆ ಸಮಿತಿಯಲ್ಲಿ ವೇತನ ಪಡೆದು ಓದಿದವರು ಒಬ್ಬರೂ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಆದ್ದರಿಂದ ವಿಶ್ವಸ್ತ ಮಂಡಲಿಗಳ ಮುಂದೆ ಮೂರು ಪ್ರಶ್ನೆಗಳನ್ನಿಡುತ್ತೇನೆ. ಪಡೆಯುವವರಿಗೆ ನಮ್ಮ ನಿರ್ಣಯದಲ್ಲಿ ಪಾಲಿದೆಯೇ? ನಮ್ಮ ದಾನದಿಂದ ಅವರ ಭಯ ಕಡಿಮೆಯಾಯಿತೇ? ಮುಂದೊಂದು ದಿನ ನಮ್ಮ ದಾನವೇ ಅವರಿಗೆ ಬೇಡವಾಗುವಂತೆ ನಡೆಯುತ್ತಿದ್ದೇವೆಯೇ? ಇವುಗಳಿಗೆ ಉತ್ತರ ಹುಡುಕುವ ಕೆಲಸ ಒಂದು ತಲೆಮಾರಿನಲ್ಲಿ ಮುಗಿಯುವಂತಹುದಲ್ಲ. 1965ರ ಕಾಯಿದೆಯ ಒಂದು ಮುಖ್ಯ ಭಾಗವನ್ನು ಅಮೆರಿಕದ ಸುಪ್ರೀಂ ಕೋರ್ಟು 2013ರಲ್ಲಿ ಅಸಿಂಧುಗೊಳಿಸಿತು. ಗಳಿಸಿದ ಹಕ್ಕನ್ನು ಕಾಯಲೂ ನೆರವು ಬೇಕೆಂಬುದಕ್ಕೆ ಇದು ಸಾಕ್ಷಿ. ಮುಂದಿನ ಸಭೆಯಲ್ಲಿ ಆಯವ್ಯಯ ಪತ್ರಿಕೆಯ ಮಂಡನೆಯಾದ ಮೇಲೆ, ವಂದನಾರ್ಪಣೆಗೆ ಮುನ್ನ, ಈ ಮೂರು ಪ್ರಶ್ನೆಗಳಿಗೂ ಸ್ವಲ್ಪ ಹೊತ್ತು ಮೀಸಲಿಡಬೇಕೆಂದು ಧರ್ಮಬಂಧುಗಳಲ್ಲಿ ನನ್ನ ವಿನಂತಿ.